ಕಲ್ಯಾಣ ಮಂಟಪದ ನಡು ಅಂಗಳದಲ್ಲಿ ನಿಂತುಹೋದ ಬ್ಯಾಟರಿ ಬಂಡಿಯವರಿಗೆ

ಇವರಿಂದ:
ಗುರುಮಲ್ಲಪ್ಪ, ನಿವೃತ್ತ ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಹಾಗೂ ಹೆಣ್ಣಿನ ತಂದೆ,
ಹೆಮ್ಮರಗಾಲ, ನಂಜನಗೂಡು ತಾಲ್ಲೂಕು.

ಇವರಿಗೆ:
ಶ್ರೀಯುತ ಬ್ಯಾಟರಿ ಬಂಡಿಯವರು,
ನಟರಾಜನ ಗೋದಾಮು, ತಾಂಡವಪುರ.

ಮೇ, 2005

ವಿಷಯ: ತಾವು ಚಲಿಸದೇ ಇದ್ದ ಬಗ್ಗೆ ಹಾಗೂ ತರುವಾಯ ತಾವು ಚಲಿಸಿದ ಬಗ್ಗೆ.

ಮಾನ್ಯರೇ,

ಮೊಟ್ಟಮೊದಲಿಗೆ ತಮ್ಮ ನಾಲ್ಕೂ ಚಕ್ರಗಳಿಗೆ, ತಮ್ಮ ಸೀಟಿನ ಕೆಳಗೆ ಜಗಳವಿಲ್ಲದೆ ಕೂಡುಕುಟುಂಬ ಮಾಡಿಕೊಂಡಿರುವ ಬ್ಯಾಟರಿಗಳಿಗೆ, ಹಾಗೂ ನನ್ನ ಮಗಳ ಮದುವೆಯ ದಿನ ಅಷ್ಟು ಜನ ಅಷ್ಟು ಹೊತ್ತು ಒತ್ತಿದರೂ ಒಂದಿಷ್ಟೂ ಬೇಸರಪಟ್ಟುಕೊಳ್ಳದ ತಮ್ಮ ಹಾರನ್ನಿಗೆ ನನ್ನ ಮತ್ತು ನನ್ನ ಮನೆಯವರೆಲ್ಲರ ವಂದನೆಗಳು ಸಲ್ಲಬೇಕು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರಕ್ಕೆ ಪತ್ರ ಬರೆಯಿರಿ ಎಂದು ಕೇಳುವುದು ಸಂಪ್ರದಾಯವಾದರೂ, ಕೇಳಿದ್ದಕ್ಕೆ ಉತ್ತರ ಕೊಡುವ ಸ್ವಭಾವ ತಮ್ಮದಲ್ಲವೆಂದು ಅಂದು ಮಂಟಪದ ಅಂಗಳದಲ್ಲಿ ನೆರೆದಿದ್ದ ಎರಡು ತಾಲ್ಲೂಕಿನ ಜನರಿಗೂ ಮನದಟ್ಟಾಗಿರುವುದರಿಂದ ಆ ತೊಂದರೆಯನ್ನು ತಮಗೆ ಕೊಡುವುದಿಲ್ಲ.

ಮನೆಯ ವಿಷಯವನ್ನು ಹೀಗೆ ಬಹಿರಂಗವಾಗಿ ಬರೆಯುವುದೇಕೆಂದು ತಾವು ಕೇಳಬಹುದು. ಕಾರಣವಿದೆ. ಅಂದಿನ ಸಂಗತಿಯನ್ನು ಕಣ್ಣಾರೆ ಕಂಡವರಿಗಿಂತ ಕಾಣದವರೇ ಚೆನ್ನಾಗಿ ವಿವರಿಸುತ್ತಿದ್ದು, ಟಿ. ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ತಮಗೆ ದೆವ್ವ ಮೆಟ್ಟಿಕೊಂಡಿತ್ತೆಂತಲೂ, ನಂಜನಗೂಡಿನ ಪೇಟೆಯಲ್ಲಿ ತಮ್ಮನ್ನು ಬಾಳೆಗೊನೆಯೊಂದು ಓಡಿಸಿತೆಂತಲೂ ಮಾತಾಡಿಕೊಳ್ಳುತ್ತಿದ್ದಾರೆ. ಎರಡನೆಯದು ನಿಜ. ಆದರೆ ಹಾಗೆ ಒಂದೇ ಸಾಲಿನಲ್ಲಿ ಹೇಳಿಬಿಟ್ಟರೆ ಹೆಣ್ಣಿನ ತಂದೆಯಾದ ನನ್ನ ಪಾಡು ಯಾರಿಗೂ ತಿಳಿಯುವುದಿಲ್ಲ.

ತಮ್ಮನ್ನು ನಾನು ಯಾಕೆ ಬರಮಾಡಿಕೊಂಡೆ ಎಂಬುದು ತಮಗೆ ತಿಳಿದಿರಲಾರದು. ನನ್ನ ಮಗಳು ಶ್ವೇತ ನಂಜನಗೂಡಿನ ಶಾಲೆಯೊಂದರಲ್ಲಿ ಮೇಡಮ್ಮು. ಅದೇ ಶಾಲೆಯ ಗಣಿತದ ಮೇಷ್ಟ್ರು ಮೂಗೂರಿನ ಅಮೃತೇಶ. ಮದುವೆಯಾದರೆ ಅವರನ್ನೇ ಎಂದು ಅವಳು ಒಂದೇ ಸಲ ಹೇಳಿ ಒಳಗೆ ಹೋದಳು, ಎರಡನೇ ಸಲ ಹೇಳಲಿಲ್ಲ. ಅವಳು ಎರಡನೇ ಸಲ ಹೇಳದ ಮಾತೆಂದರೆ ನನಗೆ ಎದೆ ಢವಗುಟ್ಟುತ್ತದೆ. ಕುಲಗೋತ್ರ ಕೂಡಿತು, ಮಠದ ಸ್ವಾಮಿಗಳಾದ ಬುದ್ಧಿಯವರ ಅಪ್ಪಣೆಯೂ ಆಯಿತು. ನಮ್ಮ ಮನೆಯಲ್ಲಿ ನಡೆದ ನಿಶ್ಚಿತಾರ್ಥದ ದಿನ ಮಾತ್ರ ಒಂದು ಅನಾಹುತವಾಯಿತು. ಫೋಟೋ ತೆಗೆಸುವ ಗಡಿಬಿಡಿಯಲ್ಲಿ ನನ್ನ ಹೆಂಡತಿಯ ತಮ್ಮ, ಹುಡುಗನ ಅಜ್ಜಿಯಾದ ಪುಟ್ಟಬಸಮ್ಮನವರ ಹತ್ತಿರ ಹೋಗಿ "ಅಜ್ಜಿ, ಒಸಿ ಎದ್ದು ಆ ಕಡೆ ಕುಂತ್ಕಳಿ" ಎಂದುಬಿಟ್ಟ. ಅಜ್ಜಿ ಎದ್ದರು. ಆದರೆ ಆ ಕಡೆ ಕೂರಲಿಲ್ಲ. ಮಂಡಿ ನೋವಿನ ಆ ಹೆಂಗಸು ಊಟವನ್ನೂ ಮಾಡದೆ ಸೀದಾ ನಡೆದು ರಸ್ತೆ ಮುಟ್ಟಿ, ಬಂದ ಬಸ್ಸು ಹತ್ತಿ ಮೂಗೂರಿಗೆ ಹೊರಟುಹೋದರು. ಅವರ ಹಿಂದೆ ಮಗ, ಮಗನ ಹಿಂದೆ ನೆಂಟರು, ನೆಂಟರ ಹಿಂದೆ ಒಬ್ಬಟ್ಟಿನ ತಟ್ಟೆ ಹಿಡಿದ ನಾನು.

ಆ ಸಂಬಂಧವನ್ನು ಮತ್ತೆ ಹೊಲಿಯುವುದಕ್ಕೆ ನಾನು ಮೂಗೂರಿಗೆ ತಿರುಗಿದ ತಿರುಗಾಟದಲ್ಲಿ ಬಸ್ಸಿನ ಕಂಡಕ್ಟರು ನನಗೆ ಮನೆಯವನಂತಾದ. ಹೋದಾಗಲೆಲ್ಲ ನಮ್ಮ ತೋಟದ ರಸಬಾಳೆ ಕೊಂಡೊಯ್ದೆ. ಕೊನೆಗೆ ಹುಡುಗನ ತಂದೆ ನಂಜುಂಡಸ್ವಾಮಿಯವರು ಬಾಳೆಹಣ್ಣು ಸುಲಿಯುತ್ತಾ, "ನೋಡಿ ಗುರುಮಲ್ಲಪ್ನೋರೇ, ಆಗಿದ್ದಾಯ್ತು. ಇನ್ನೊಂದ್ ದಪ ಯಾರಾರ ನಮ್ಮವ್ವನ್ನ ಎಬ್ಬುಸುದ್ರೆ ಮಾತ್ರ, ಮದ್ವೆ ಅಲ್ಗೇ ನಿಂತೋಯ್ತದೆ ಕಣ್ರೀ" ಎಂದು ಷರತ್ತು ಹಾಕಿ ಒಪ್ಪಿದರು. ಅಂದಿನಿಂದ ನಮ್ಮ ಕಡೆಯವರಿಗೆಲ್ಲ ನಾನು ಮೌಖಿಕ ಸುತ್ತೋಲೆ ಹೊರಡಿಸಿದೆ. ಪುಟ್ಟಬಸಮ್ಮನವರು ಎಲ್ಲಿ ಕೂತರೂ ಅದೇ ಅವರ ಜಾಗ; ಹಸೆಮಣೆಯ ಮೇಲೇ ಕೂತರೂ ಮದುಮಕ್ಕಳನ್ನು ಪಕ್ಕದಲ್ಲಿ ಕೂರಿಸಿ ಧಾರೆ ಎರೆಯತಕ್ಕದ್ದು.

ಇಂಥ ಹೊತ್ತಿನಲ್ಲಿ ತಮ್ಮ ಹೆಸರು ಕಿವಿಗೆ ಬಿತ್ತು. ಮದುವೆಗೆಂದು ಗೊತ್ತುಮಾಡಿದ್ದ ನಂಜನಗೂಡಿನ ಮಂಟಪದ ಗೇಟಿಗೂ ಮುಹೂರ್ತದ ಹಾಲಿಗೂ ಬಹಳ ದೂರ, ಅಜ್ಜಿಗೆ ಮಂಡಿ ನೋವು. ಕಾರು ಒಳಗೆ ಬಿಡುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಹೊತ್ತು ತರುತ್ತೇವೆಂದರೆ "ನಾನೇನ್ ಎಣವಾ?" ಎಂದು ಅಜ್ಜಿ ಹೇಳಿಕಳಿಸಿದ್ದರು. ಆಗ ನನ್ನ ಬಾಲ್ಯದ ಗೆಳೆಯ, ಎಲೆಕ್ಟ್ರಿಕಲ್ ಅಂಗಡಿಯ ನಟರಾಜ, ಮುಚ್ಚಿಹೋದ ರೆಸಾರ್ಟೊಂದರ ಹರಾಜಿನಲ್ಲಿ ತಮ್ಮನ್ನು ಹಿಡಿದು ತಾಂಡವಪುರದ ಗೋದಾಮಿನಲ್ಲಿ ಕಟ್ಟಿಹಾಕಿರುವ ಸಂಗತಿಯನ್ನು ತಿಳಿಸಿದ. ಉಳ್ಳವರು ಚೆಂಡನ್ನು ಕೋಲಿನಿಂದ ಬಲು ದೂರ ಹೊಡೆದು, ಹೊಡೆದ ತಪ್ಪಿಗೆ ತಾವೇ ಅದನ್ನು ಹುಡುಕಿಕೊಂಡು ಹೋಗುವ ಗಾಲ್ಫ್ ಎಂಬ ಆಟಕ್ಕೆ ತಾವು ಹುಟ್ಟಿದವರೆಂದೂ, ತಮಗೆ ಪೆಟ್ರೋಲಿನ ಚಟವಿಲ್ಲ, ಹೊಗೆಯ ಅಭ್ಯಾಸವಿಲ್ಲ, ಸದ್ದಂತೂ ಇಲ್ಲವೇ ಇಲ್ಲವೆಂದೂ ಅವನು ಹೊಗಳಿದ್ದನ್ನು ಕೇಳಿದರೆ ಗಂಡು ತೋರಿಸುತ್ತಿದ್ದಾನೇನೋ ಎನ್ನಿಸುತ್ತಿತ್ತು. ನಾನು ಒಪ್ಪಿದೆ.

ತಮ್ಮನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದೆವು. ಅಜ್ಜಿ ಎಲ್ಲರ ಕಣ್ಣಿಗೂ ವಿಡಿಯೋಕ್ಕೂ ಕಾಣಲೆಂದು ತಮ್ಮ ಛಾವಣಿ ಬಿಚ್ಚಿಸಿ ಸೇವಂತಿಗೆಯ ಕಮಾನು ಕಟ್ಟಿಸಿದೆ. ಅರಿಶಿನ ಕುಂಕುಮ ಹಚ್ಚಿ, ವಿಭೂತಿ ಎಳೆದು, ತೆಂಗಿನಕಾಯಿ ಒಡೆದು, ಬೀಗರಿಗೆ ಮರ್ಯಾದೆಯೆಂದು ಒಂದು ಇಡೀ ರಸಬಾಳೆ ಗೊನೆಯನ್ನು ಮುಂದುಗಡೆ ಕಾಲಿಡುವ ಜಾಗದಲ್ಲಿ ಒರಗಿಸಿ ನಿಲ್ಲಿಸಿದೆ. ಒಂದು ಸಲ ಓಡಿಸಿ ನೋಡೋಣವೆಂದು ನಟರಾಜ ಅಂದದ್ದು ಹೌದು. ಬೀಗರ ಮನೆಯ ಹಿರಿಯರಿಗೆಂದು ಪೂಜೆ ಮಾಡಿದ ಸೀಟಿನ ಮೇಲೆ ಅವರಿಗಿಂತ ಮೊದಲು ಇನ್ನೊಬ್ಬರು ಕೂರುವುದೆಂದರೆ ಎಂಜಲು ಬಡಿಸಿದ ಹಾಗಲ್ಲವೇ? ನಾನು ಖಂಡಿತ ಕೂಡದೆಂದೆ. ಆ ಆಜ್ಞೆಯ ಪೂರ್ತಿ ಹೊಣೆ ನನ್ನದು.

ಮದುವೆಯ ದಿನ ವಾಲಗ ಮೊಳಗಿತು, ಪುಟ್ಟಬಸಮ್ಮನವರು ಹಸಿರು ರೇಷ್ಮೆ ಸೀರೆಯುಟ್ಟು ಗೇಟಿನಲ್ಲಿ ಇಳಿದರು, ನಾಲ್ಕು ಹೆಂಗಸರು ಕೈಕೊಟ್ಟು ಅವರನ್ನು ತಮ್ಮ ಮೇಲೆ ಕೂರಿಸಿದರು. ಪಕ್ಕದಲ್ಲಿ ನಟರಾಜ ಕೂತು ಬ್ರೇಕಿನಿಂದ ಕಾಲು ತೆಗೆದ. ಆಹಾ, ತಾವು ಹೊರಟ ಠೀವಿಯನ್ನು ಏನೆಂದು ಬಣ್ಣಿಸಲಿ! ಹೊಗೆಯಿಲ್ಲ, ಗಡಗಡವಿಲ್ಲ, ತುಪ್ಪದ ಮೇಲೆ ಜಾರಿದ ಹಾಗೆ ತಾವು ಸಾಗುತ್ತಿದ್ದರೆ ಎರಡೂ ಕಡೆಯವರು ಚಪ್ಪಾಳೆ ತಟ್ಟಿದರು. "ಸದ್ದೇ ಇಲ್ವಲ್ಲ ಕಣ್ಲಾ!" ಎಂದು ಬೀಗರ ಕಡೆಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಮೀಸೆ ತಿರುವಿದೆ. ಮೀಸೆ ಇಲ್ಲದಿದ್ದರೂ ತಿರುವಿದೆ.

ಸದ್ದು ಯಾಕಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಗೇಟಿನಿಂದ ಅಂಗಳದ ನಡುವಿನವರೆಗೆ ಇಳಿಜಾರು, ತಾವು ಸುಮ್ಮನೆ ಉರುಳಿದ್ದಿರಿ. ಬೇರೆ ಯಾವ ವಾಹನವಾಗಿದ್ದರೂ ಇಂಜಿನ್ನು ಶುರುವಾಗಿಲ್ಲವೆಂದು ಕಿವುಡನಿಗೂ ಗೊತ್ತಾಗುತ್ತಿತ್ತು. ತಾವು ಮಾತ್ರ ಕೆಲಸ ಮಾಡುವಾಗಲೂ ಮಾಡದಿರುವಾಗಲೂ ಒಂದೇ ತೆರನಾಗಿರಬಲ್ಲಿರಿ. ಮೂವತ್ತು ವರ್ಷ ಸರ್ಕಾರಿ ಸೇವೆಯಲ್ಲಿದ್ದ ನಾನು ಈ ಗುಣವನ್ನು ಹಲವರಲ್ಲಿ ಕಂಡಿದ್ದೇನಾದರೂ ಇಷ್ಟು ಪರಿಪೂರ್ಣವಾಗಿ ಕಂಡಿರಲಿಲ್ಲ. ಇಳಿಜಾರು ಮುಗಿದಲ್ಲಿ, ಚಪ್ಪರದ ನೆರಳು ಇನ್ನೂ ದೂರವಿರುವಲ್ಲಿ, ನಟ್ಟ ನಡುಬಿಸಿಲಿನಲ್ಲಿ ತಾವು ನಿಂತಿರಿ.

ಅಲ್ಲಿಂದ ಮುಂದೆ ತಮ್ಮ ಆರೋಗ್ಯ ತಪಾಸಣೆಗೆ ಬಂದವರ ಸಂಖ್ಯೆ ಊಟಕ್ಕೆ ಬಂದವರಿಗಿಂತ ಹೆಚ್ಚು. ಲಾರಿ ಓಡಿಸುವ ನಮ್ಮ ಷಡ್ಡಕರು ಏರ್ ಲಾಕ್ ಆಗಿದೆಯೆಂದು ತೀರ್ಮಾನಿಸಿ, ಇಲ್ಲದ ಡೀಸೆಲ್ ಪೈಪನ್ನು ಬಾಯಿಂದ ಊದಲು ತಮ್ಮ ಸುತ್ತ ಹುಡುಕಿದರು. ಕರೆಂಟು ಆಫೀಸಿನ ಲೈನ್‌ಮನ್ ಒಬ್ಬರು ಇದು ಲೋ ವೋಲ್ಟೇಜು, ನಂಜನಗೂಡಿಗೆ ಸಂಜೆಯ ಮೇಲೆ ಸರಿಯಾಗಿ ಕರೆಂಟು ಬರುತ್ತದೆ, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಎಂದರು. ಅಡುಗೆಯವರು ದೃಷ್ಟಿಯಾಗಿದೆಯೆಂದು ಒಣಮೆಣಸಿನಕಾಯಿ ಇಳಿ ತೆಗೆದು ಅಲ್ಲೇ ಸುಟ್ಟಿದ್ದರಿಂದ, ತಮಗಲ್ಲದಿದ್ದರೂ ನಮಗೆಲ್ಲ ಚೆನ್ನಾಗಿ ಕೆಮ್ಮು ಹತ್ತಿತು. ತಳ್ಳೋಣವೆಂದು ಪಂಚೆ ಎತ್ತಿಕಟ್ಟಿ ನಿಂತವರನ್ನು ನಂಜುಂಡಸ್ವಾಮಿಯವರೇ ತಡೆದರು. "ನಮ್ಮವ್ವನ್ನ ತಳ್ಳುಗಾಡೀಲಿ ತಳ್ಕೊಂಡೋದ್ರು ಅಂತ ಮೂಗೂರ್ ತುಂಬಾ ಆಡ್ಕಳಕ್ಕಾ?" ಇಷ್ಟೆಲ್ಲದರ ನಡುವೆ ಅಜ್ಜಿ ತಮ್ಮ ಮೇಲೆ ನೇರವಾಗಿ ಕೂತು, ಒಂದೂ ಮಾತಾಡದೆ, ಅನ್ನದ ದೊಡ್ಡ ಕೊಳದಪ್ಪಲೆಯ ಮುಂದೆ ಬಡಿಸಲು ಕೂತ ಯಜಮಾನಿತಿಯ ಹಾಗೆ ನಮ್ಮೆಲ್ಲರನ್ನೂ ನೋಡುತ್ತಿದ್ದರು.

ಆಗ ನಟರಾಜ ನನ್ನನ್ನು ಬಾಳೆಕಂಬದ ಹಿಂದಕ್ಕೆ ಎಳೆದುಕೊಂಡು ಹೋದ. ಅವನ ಮುಖ ಬೆಳ್ಳಗಾಗಿತ್ತು. "ಗುರು, ಎಳ್ಕಂಡ್ ಬರೋ ಟೈಮಲ್ಲಿ ಮೋಟ್ರು ಆಳಾಗದಿರ್ಲಿ ಅಂತ ಒಂದ್ ಸ್ವಿಚ್ಚು ತಿರುಗ್ಸಿದ್ದೆ ಕಣೋ. ವಾಪಸ್ ತಿರುಗ್ಸೋದ್ ಮರ್ತೋಯ್ತು." ನನಗೆ ಹೋದ ಜೀವ ಬಂದಂತಾಯಿತು. ಹಾಗಾದರೆ ಹೋಗಿ ತಿರುಗಿಸೋ ಮಾರಾಯ ಎಂದೆ. ಅವನು ಹೋಗಲಿಲ್ಲ. "ಅದು ಸೀಟ್ ಕೆಳಗೈತೆ," ಎಂದ. "ಸೀಟ್ ಎತ್ತುದ್ರೇನೇ ಸಿಗೋದು."

ಮಾನ್ಯರೇ, ತಮ್ಮನ್ನು ತಯಾರಿಸಿದ ದೇಶದಲ್ಲಿ ಬೀಗರೆಂಬ ವ್ಯವಸ್ಥೆ ಇಲ್ಲವೆಂದು ನನಗೆ ಆಗಲೇ ಖಾತ್ರಿಯಾಯಿತು. ಇದ್ದಿದ್ದರೆ ಯಾವ ಬುದ್ಧಿವಂತನೂ ಸ್ವಿಚ್ಚನ್ನು ಗಂಡಿನ ಅಜ್ಜಿ ಕೂರುವ ಜಾಗದ ಕೆಳಗೆ ಇಡುತ್ತಿರಲಿಲ್ಲ. ರೋಗ ಗೊತ್ತು, ಮದ್ದು ಗೊತ್ತು, ಒಂದು ಬೆರಳಿನ ಕೆಲಸ; ಆದರೆ ಆ ಬೆರಳಿಗೂ ಸ್ವಿಚ್ಚಿಗೂ ನಡುವೆ ಪುಟ್ಟಬಸಮ್ಮನವರಿದ್ದಾರೆ, ಅವರನ್ನು ಎಬ್ಬಿಸಿದರೆ ನನ್ನ ಮಗಳ ಮದುವೆ ಇಲ್ಲ. ಎಬ್ಬಿಸದಿದ್ದರೆ ಅಭಿಜಿನ್ ಮುಹೂರ್ತ ಮೀರುತ್ತದೆ, ಆಗಲೂ ಇಲ್ಲ. ತಾಳಿಯನ್ನು ಅವ್ವ ಮೊದಲು ಮುಟ್ಟದೆ ಕಟ್ಟುವುದಿಲ್ಲವೆಂದು ಬೀಗರು ಮೊದಲೇ ಹೇಳಿದ್ದರು. ಪೂಜೆಗೆ ಇಟ್ಟ ತಾಳಿ ಹಸೆಯ ಜಾಗ ಬಿಟ್ಟು ಅಂಗಳಕ್ಕೆ ಬರಕೂಡದೆಂದು ಶಾಸ್ತ್ರಿಗಳು ಈಗ ಹೇಳಿಕಳಿಸಿದರು. ಒಳಗೆ ಕೋಣೆಯಲ್ಲಿ ನನ್ನ ಮಗಳು ಬಾಸಿಂಗ ಕಟ್ಟಿಸಿಕೊಂಡು ಕಾದು ಕೂತಿದ್ದಳು.

ಬಾಯಿಬಿಟ್ಟು ಹೇಳದೆಯೇ ಅವರು ತಾವಾಗಿ ಏಳುವಂತೆ ಮಾಡಬೇಕು. ಇದಕ್ಕಾಗಿ ನಾನು ಹೂಡಿದ ಉಪಾಯಗಳಿಗೆ ತಾವೇ ಸಾಕ್ಷಿ. ಮೊದಲು ಮೈಕಿನಲ್ಲಿ "ಬುದ್ಧಿಯವರು ದಯಮಾಡಿಸುತ್ತಿದ್ದಾರೆ" ಎಂದು ಕೂಗಿಸಿದೆ. ಅಂಗಳಕ್ಕೆ ಅಂಗಳವೇ ಎದ್ದು ಕೈಮುಗಿಯಿತು. ಅಜ್ಜಿ ಕೂತಲ್ಲೇ ಕೈಮುಗಿದು "ನನ್ ಮಂಡಿ ಇಚಾರ ಬುದ್ಧಿಯೋರ್ಗೆ ಗೊತ್ತು" ಎಂದರು. ಬಾರದ ಬುದ್ಧಿಯವರನ್ನು ಸಮಜಾಯಿಷಿ ಹೇಳಿ ಹಿಂದಕ್ಕೆ ಕಳಿಸುವುದೇ ದೊಡ್ಡ ಕೆಲಸವಾಯಿತು. ಮೊದಲ ಪಂಕ್ತಿಗೆ ಎಲೆ ಹಾಕಿದೆ, ಹಿರಿಯರು ಆಗಮಿಸಬೇಕು ಎಂದೆ. ನಂಜುಂಡಸ್ವಾಮಿಯವರು ಎಲೆಯನ್ನೇ ತರಿಸಿ ತಾಯಿಯ ತೊಡೆಯ ಮೇಲೆ ಹಾಸಿ ಕೋಸಂಬರಿ ಬಡಿಸಿಬಿಟ್ಟರು. ಕೊನೆಗೆ, ಹೇಳಲು ನಾಚಿಕೆಯಾಗುತ್ತದೆ, ವಾಲಗದವರ ಕಿವಿಯಲ್ಲಿ ರಾಷ್ಟ್ರಗೀತೆ ನುಡಿಸಿರೆಂದು ಬೇಡಿಕೊಂಡೆ. ಅವರು ನುಡಿಸಿದರು. ನಡುವೆ ಎಲ್ಲೋ ಅಭ್ಯಾಸಬಲದಿಂದ ಗಟ್ಟಿಮೇಳಕ್ಕೆ ತಿರುಗಿದ್ದರಿಂದ, ಅಲ್ಲಿಯವರೆಗೆ ಸೆಟೆದು ನಿಂತಿದ್ದ ಇನ್ನೂರು ಜನ ತಾಳಿ ಕಟ್ಟಿಯೇಬಿಟ್ಟರೆಂದು ತಮ್ಮ ಮೇಲೆ ಅಕ್ಷತೆ ಎರಚಿದರು. ಅಜ್ಜಿ ತಲೆಯ ಮೇಲಿನ ಅಕ್ಕಿಯನ್ನು ಕೊಡವಿಕೊಂಡರೇ ಹೊರತು ಏಳಲಿಲ್ಲ.

ಇಷ್ಟಾಗುವಾಗ ಒಳಗಿನ ಹೆಂಗಸರು "ಅಯ್ಯೋ ಅಯ್ಯೋ" ಎಂದು ಕೂಗಿಕೊಳ್ಳುವ ಸದ್ದು ಕೇಳಿ ತಿರುಗಿ ನೋಡಿದರೆ, ನನ್ನ ಮಗಳು ಬಾಸಿಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿಕೊಂಡು, ಹಾಲಿನ ಮೆಟ್ಟಿಲಿಳಿದು ಬಿಸಿಲಿಗೆ ಬರುತ್ತಿದ್ದಾಳೆ. ಮದುವಣಗಿತ್ತಿ ಮುಹೂರ್ತಕ್ಕೆ ಮುಂಚೆ ಹೀಗೆ ಅಂಗಳಕ್ಕೆ ಬರುವುದುಂಟೇ? ತಡೆಯಲು ಹೋದ ನನ್ನನ್ನು ದಾಟಿಕೊಂಡು ನೇರ ತಮ್ಮ ಬಳಿಗೆ ಬಂದಳು. ಅಜ್ಜಿಯ ಕೈ ಹಿಡಿದಳು.

"ಅಜ್ಜಿ, ಏಳಿ. ಗಾಡಿ ಸ್ವಿಚ್ಚು ನಿಮ್ ಕೆಳಗಿದೆಯಂತೆ, ನಟರಾಜ ಮಾಮ ಒಳಗ್ ಬಂದು ಹೇಳಿದ್ರು. ಅಪ್ಪಂಗೆ ಕೇಳೋಕೆ ಭಯ. ನೀವು ಬಂದು ಮುಟ್ಟದೆ ನಾನು ತಾಳಿ ಕಟ್ಟಿಸ್ಕೊಳಲ್ಲ, ಬನ್ನಿ, ನಡ್ಕೊಂಡೇ ಹೋಗೋಣ."

ವಾಲಗ ನಿಂತಿತು. ನಂಜುಂಡಸ್ವಾಮಿಯವರು ನನ್ನ ಕಡೆ ನೋಡಿದರು, ನಾನು ನೆಲದ ಕಡೆ ನೋಡಿದೆ. ಎಲ್ಲ ಮುಗಿಯಿತೆಂದುಕೊಂಡೆ.

"ನನ್ ಕಂದಾ," ಎಂದರು ಅಜ್ಜಿ. "ಯಾರಾರ ಎದ್ದೇಳು ಅನ್ಲಿ ಅಂತ ಆಗ್ಲಿಂದ ಕಾಯ್ತಾ ಕುಂತಿವ್ನಿ. ಈ ಸೀಟು ಕಾದು ರೊಟ್ಟಿ ಎಂಚಾಗದೆ. ನಾನಾಗೇ ಎದ್ಬುಟ್ರೆ, ಎಣ್ಣಿನ್ ಕಡೇರ್ ಗಾಡಿ ಕೆಟ್ಟೋಯ್ತು ಅಂತ ನಿಮ್ಮಪ್ಪಂಗೆ ಅವ್ಮಾನ ಆಗಕಿಲ್ವಾ? ಅದ್ಕೇ ಸುಮ್ಕೆ ಕುಂತೆ." ಮಗನ ಕಡೆ ತಿರುಗಿ ಇನ್ನೊಂದು ಮಾತು ಸೇರಿಸಿದರು. "ಅವತ್ತು ನನ್ನ ಎಬ್ಬುಸಿದ್ಕೆ ಸಿಟ್ ಬರ್ನಿಲ್ಲ ಕಣ್ಲಾ. ಪೋಟೋದಾಗೆ ನಾನು ಇರ್ಬಾರ್ದು ಅಂತ ಎಬ್ಬುಸುದ್ರಲ್ಲ, ಅದ್ಕೆ ಬಂತು. ಈ ಮಗ ನನ್ನ ಒಳೀಕ್ ಕರೆಯಕ್ಕೆ ಎಬ್ಬುಸ್ತಾವ್ಳೆ."

ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿಯ ಹೊಗೆಯೆಂದು ಎಲ್ಲರಿಗೂ ಹೇಳಿದೆ.

ಇಷ್ಟಕ್ಕೇ ಬಿಟ್ಟಿದ್ದರೆ ತಮ್ಮ ಮೇಲೆ ನನಗೆ ದೂರೇ ಇರುತ್ತಿರಲಿಲ್ಲ. ಅಜ್ಜಿ ಇಳಿದದ್ದೇ ತಡ, ನಟರಾಜ ಓಡಿ ಬಂದು ಸೀಟೆತ್ತಿ ಸ್ವಿಚ್ಚು ತಿರುಗಿಸಿ ಸೀಟನ್ನು ದಢಾರನೆ ಬಿಟ್ಟ. ಆ ಏಟಿಗೆ, ಒರಗಿಸಿಟ್ಟಿದ್ದ ರಸಬಾಳೆ ಗೊನೆ ವಾಲಿ, ಸರಿಯಾಗಿ ಓಡಿಸುವ ಪೆಡಲಿನ ಮೇಲೆ ಬಿತ್ತು. ಕೀಲಿ ಹಾಗೇ ಇತ್ತು. ಅಷ್ಟು ಜನ ಗೋಗರೆದರೂ ಅಲುಗದ ತಾವು, ಬಾಳೆಗೊನೆಯೊಂದು ಕಾಲಿಟ್ಟ ಕೂಡಲೇ ಸದ್ದಿಲ್ಲದೆ, ಹೊಗೆಯಿಲ್ಲದೆ, ಯಾರೂ ಇಲ್ಲದೆ ಹೊರಟಿರಿ! ಏರ್ ಲಾಕ್ ಷಡ್ಡಕರು ಪಂಚೆ ಹಿಡಿದುಕೊಂಡು ಓಡಿದರು, ಲೈನ್‌ಮನ್ ಸಂಜೆಯಾಗುವ ಮೊದಲೇ ಕರೆಂಟು ಬಂದದ್ದಕ್ಕೆ ಬೆರಗಾಗಿ ನಿಂತರು, ನಟರಾಜ ತಮ್ಮ ಹಿಂದೆ "ನಿಲ್ಲು, ನಿಲ್ಲು" ಎಂದು ಕೂಗುತ್ತಾ ಹೋದ. ಅಷ್ಟು ಹೊತ್ತು ತಮಗೆ ನಡಿ ನಡಿ ಎಂದವನೂ ಅವನೇ. ತಾವು ಹಾಲಿನ ಮೆಟ್ಟಿಲ ಪಕ್ಕದ ಇಳಿಜಾರು ಹಾಸುಗಲ್ಲನ್ನು ಸಲೀಸಾಗಿ ಏರಿ, ಬಾಗಿಲಲ್ಲಿ ಪನ್ನೀರು ಚಿಮುಕಿಸುತ್ತಿದ್ದ ಹುಡುಗಿಯರಿಂದ ಪನ್ನೀರು ಹಾಕಿಸಿಕೊಂಡು, ಕುರ್ಚಿಗಳ ನಡುವಿನ ಕೆಂಪು ಜಮಖಾನದ ಮೇಲೆ ನೆಟ್ಟಗೆ ಸಾಗಿದಿರಿ. ಹಸೆಯ ಮೇಲಿದ್ದ ಅಮೃತೇಶ ಯಾರೋ ಹಿರಿಯರು ಬಂದರೆಂದು ಎದ್ದು ನಿಂತ. ಗೊನೆ ಉರುಳಿ ಕೆಳಗೆ ಬಿತ್ತು, ತಾವು ಮಂಟಪದ ಮೆಟ್ಟಿಲಿಗೆ ಮೂಗು ತಾಕಿಸಿ ನಿಂತಿರಿ, ಶಾಸ್ತ್ರಿಗಳು ಏನೂ ತೋಚದೆ ತಮಗೆ ಒಂದು ಮಂತ್ರಾಕ್ಷತೆ ಹಾಕಿದರು.

ತಮ್ಮ ಹಿಂದೆ, ಬಲು ನಿಧಾನವಾಗಿ, ಒಬ್ಬರ ಕೈ ಒಬ್ಬರು ಹಿಡಿದುಕೊಂಡು, ಆ ಮುದುಕಿಯೂ ನನ್ನ ಮಗಳೂ ನಗುತ್ತಾ ನಡೆದು ಬಂದರು. ಮುಹೂರ್ತ ಮೀರಿರಲಿಲ್ಲ. ಅಜ್ಜಿ ತಾಳಿ ಮುಟ್ಟಿದರು. ಫೋಟೋಕ್ಕೆ ನಿಂತಾಗ ಮಧ್ಯದಲ್ಲಿ ಅವರನ್ನೇ ಕೂರಿಸಿ, ನನ್ನ ಹೆಂಡತಿಯ ತಮ್ಮನನ್ನು ಚೌಕಟ್ಟಿನಾಚೆ ನಿಲ್ಲಿಸಿದೆವು.

ಆದ್ದರಿಂದ ತಮ್ಮಲ್ಲಿ ನನ್ನ ವಿನಯಪೂರ್ವಕ ಕೋರಿಕೆಗಳೇನೆಂದರೆ, ತಾವು ದಯಮಾಡಿ ತಮ್ಮ ಸ್ವಿಚ್ಚನ್ನು ಬೀಗರು ಯಾರೂ ಕೂರದಂಥ ಜಾಗಕ್ಕೆ, ಉದಾಹರಣೆಗೆ ಹೆಣ್ಣಿನ ತಂದೆಯ ತಲೆಯ ಮೇಲಕ್ಕೆ, ವರ್ಗಾಯಿಸಿಕೊಳ್ಳಬೇಕು. ಉರುಳುವಾಗ ಒಂದು ಸದ್ದು, ಓಡುವಾಗ ಇನ್ನೊಂದು ಸದ್ದು ಮಾಡುವುದನ್ನು ರೂಢಿಸಿಕೊಳ್ಳಬೇಕು. ಮತ್ತು ಮೂವತ್ತು ವರ್ಷ ಸೇವೆ ಸಲ್ಲಿಸಿದ ನನ್ನಂಥವನ ಮಾತಿಗೆ ಕೊಡದ ಬೆಲೆಯನ್ನು ಬಾಳೆಗೊನೆಗೆ ಯಾವ ನಿಯಮದಡಿ ಕೊಟ್ಟಿರೆಂದು ಸಮಜಾಯಿಷಿ ನೀಡಬೇಕು. ಇವು ಸಾಧ್ಯವಾಗದಿದ್ದಲ್ಲಿ, ಕನಿಷ್ಠ ಮುಂದಿನ ತಿಂಗಳು ನನ್ನ ಹೆಂಡತಿಯ ತಮ್ಮನ ಗೃಹಪ್ರವೇಶಕ್ಕೆ ತಪ್ಪದೆ ಆಗಮಿಸಿ, ಅವನನ್ನು ಮೇಲೆ ಕೂರಿಸಿಕೊಂಡು, ತಮಗೆ ಚೆನ್ನಾಗಿ ಗೊತ್ತಿರುವ ಆ ಮೊದಲನೇ ಕೆಲಸವನ್ನು, ಅಂದರೆ ಚಲಿಸದೇ ನಿಲ್ಲುವುದನ್ನು, ಸಾಯಂಕಾಲದವರೆಗೆ ಮಾಡಿಕೊಡಬೇಕೆಂದು ಪ್ರಾರ್ಥಿಸುವ,

ತಮ್ಮ ವಿಶ್ವಾಸಿ,
ಗುರುಮಲ್ಲಪ್ಪ

ಮರೆತ ಮಾತು: ಮದುವೆ ಮುಗಿದ ಮೇಲೆ ನಂಜುಂಡಸ್ವಾಮಿಯವರು ನನ್ನ ಎರಡೂ ಕೈ ಹಿಡಿದುಕೊಂಡು, "ಮಗೀನ ಎಂಗ್ ಬೆಳ್ಸಿದ್ದೀರಿ ಗುರುಮಲ್ಲಪ್ನೋರೇ! ದೊಡ್ಡೋರ ಮುಂದೆ ದೈರ್ಯವಾಗಿ ಮಾತಾಡೋದು ಕಲಿಸಿದ್ದೀರಿ" ಎಂದು ಕೊಂಡಾಡಿದರು. ನಾನು ತಲೆ ತಗ್ಗಿಸಿ ಎಲ್ಲವನ್ನೂ ಸ್ವೀಕರಿಸಿದೆ. ಇಪ್ಪತ್ತನಾಲ್ಕು ವರ್ಷ ಆ ಹುಡುಗಿಗೆ ನಾನು ದಿನಾ ಹೇಳಿದ್ದು "ದೊಡ್ಡೋರ ಮುಂದೆ ಬಾಯಿ ಬಿಡಬೇಡ" ಎಂದೇ. ಈ ವಿಷಯ ಮೂಗೂರಿಗೆ ತಲುಪದಿರಲಿ. ನಮ್ಮ ಪೈಕಿ ಬಾಯಿ ಬಿಡದೆ ಇರಬಲ್ಲವರು ತಾವೊಬ್ಬರೇ ಎಂದು ನಂಬಿ ತಮಗೆ ಮಾತ್ರ ಹೇಳಿದ್ದೇನೆ.